ಹಣ್ಣಿನ ತೋಟಗಳಲ್ಲಿ ಜೇನಿನ ಪುಷ್ಪನಿಷ್ಠೆ

ಒಂದು ಪ್ರದೇಶದ ಇತಿಹಾಸವನ್ನು ಅರಿಯಬಯಸುವವರು ಅಲ್ಲಿಯ ಶಾಸನಗಳನ್ನೂ ಕೋಟೆಕೊತ್ತಲಗಳನ್ನೂ ಪರಿಶೀಲಿಸುವಂತೆ ಅಲ್ಲಿಯ ನೀರು, ಬೆಳೆ, ಹೂವುಗಳನ್ನೂ ಪರಿಶೀಲಿಸಬೇಕಾಗುತ್ತದೆ. ಘಟಪ್ರಭೆಯ ಆಸರೆಯಲ್ಲಿರುವ ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟು ರೂಪುಗೊಂಡ ಮೂಡಲಗಿ ತಾಲೂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1897ರಲ್ಲಿ ನಿರ್ಮಿತವಾದ ಧೂಪದಾಳದ ಒಡ್ಡು, ಅನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಎದ್ದ ಅಣೆಕಟ್ಟು—ಇವು ಇಲ್ಲಿಯ ಬೇಸಾಯದ ಸ್ವರೂಪವನ್ನೇ ಮಾರ್ಪಡಿಸಿದವು. ಹೂಗಳ ಕಾಲಮಾನವೂ ಬದಲಾದ ಮೇಲೆ ಹೂವನ್ನೇ ನಂಬಿದ ಜೇನಿನ ಬಾಳು ಬದಲಾಗದೆ ಉಳಿದೀತೆ?

ಜೇನುಹುಳವು ಒಂದು ಸಂಚಾರದಲ್ಲಿ ಒಂದೇ ಜಾತಿಯ ಹೂಗಳನ್ನು ಸಂದರ್ಶಿಸುತ್ತದೆಂಬ ಸಂಗತಿಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಗುರುತಿಸಿದ್ದನು. ಇದನ್ನು ಪುಷ್ಪನಿಷ್ಠೆಯೆನ್ನಬಹುದು. ಪೇರಲದ ಪರಾಗವು ಪೇರಲದ ಹೂವಿಗೇ ಮುಟ್ಟುವುದು ಈ ನಿಷ್ಠೆಯಿಂದಲೇ. ಹುಳವು ಹಿಂಗಾಲುಗಳ ಬುಟ್ಟಿಯಲ್ಲಿ ತೇವಮಾಡಿ ಅದುಮಿಟ್ಟ ಪರಾಗವು ಗೂಡಿನ ಮರಿಗಳ ಆಹಾರವಾಗುತ್ತದೆ. ಅದರ ಮೈರೋಮಗಳಲ್ಲಿ ಸಿಕ್ಕುಳಿದ ಒಣ ಪುಡಿಯೇ ಮರಕ್ಕೆ ಫಲವನ್ನು ಕೊಡುತ್ತದೆ.

ಹೂವಿರುವ ತಾಣವನ್ನು ಕಂಡುಬಂದ ಹುಳವು ನರ್ತನದ ಮೂಲಕ ತನ್ನವರಿಗೆ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆಂದು ಕಾರ್ಲ್ ಫಾನ್ ಫ್ರಿಶ್ ಅವರು ತೋರಿಸಿಕೊಟ್ಟರು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಶಿಷ್ಯ ಲಿಂಡವರ್ ಅವರು ಸಿಂಹಳಕ್ಕೆ ಬಂದು ನಮ್ಮ ನಾಡಿನಲ್ಲಿಯೂ ಇರುವ ಜಾತಿಗಳನ್ನೇ ಅಭ್ಯಾಸ ಮಾಡಿದರು. ಪೊಟರೆಯ ಕತ್ತಲೆಯಲ್ಲಿ ವಾಸಿಸುವ ತುಡುವೆಯು ನೇರಾಗಿ ಇಳಿಬಿದ್ದ ಹುಟ್ಟಿನ ಮೇಲೆ ನರ್ತಿಸುತ್ತ, ಸೂರ್ಯನ ದಿಕ್ಕನ್ನು ಮೇಲುಮುಖವೆಂದು ಮಾರ್ಪಡಿಸಿ ಸೂಚಿಸುತ್ತದೆ. ಟೊಂಗೆಯನ್ನು ಸುತ್ತಿ ಹುಟ್ಟು ಕಟ್ಟುವ ಕೋಲುಜೇನಾದರೋ ಹುಟ್ಟಿನ ಸಮತಲವಾದ ನೆತ್ತಿಯ ಮೇಲೆ ನರ್ತಿಸುತ್ತ ನೇರವಾಗಿ ಹೂವಿನ ದಿಕ್ಕನ್ನೇ ತೋರುತ್ತದೆ.

ಇನ್ನು ನಮ್ಮ ತೋಟಗಳ ವಿಚಾರ. ಮಾವು ಪುಷ್ಯ-ಮಾಘಗಳಲ್ಲಿ ಹೂಬಿಡುತ್ತದೆ. ಅದರ ಪರಾಗಸ್ಪರ್ಶದಲ್ಲಿ ಜೇನಿನೊಡನೆ ನೊಣಗಳ ಪಾಲೂ ದೊಡ್ಡದು. ಪೇರಲದ ಹೂವು ಬೆಳಗಿನ ಜಾವ ಅರಳುವುದರಿಂದ ಪರಾಗಕ್ಕಾಗಿ ಹುಳಗಳು ಮುಂಜಾನೆಯೇ ಮುತ್ತುತ್ತವೆ. ದಾಳಿಂಬೆಯಲ್ಲಿ ಗಂಟೆಯಾಕಾರದ ಹೂಗಳು ಕಾಯಿ ಕಟ್ಟದೆ ಉದುರುತ್ತವೆ, ಹೂದಾನಿಯಾಕಾರದವು ಕಾಯಿಕಟ್ಟುತ್ತವೆ. ಆ ಹಣ್ಣಿನ ಒಂದೊಂದು ಕಾಳೂ ಪರಾಗದ ಒಂದೊಂದು ಕಣದಿಂದ ಫಲಿತವಾದ ಬೀಜ. ಆದುದರಿಂದ ಪರಾಗವು ಕಡಿಮೆ ಬಿದ್ದರೆ ಹಣ್ಣು ಬಡವಾಗುವುದು ಸಹಜ. ಬಾಳೆಗೆ ಮಾತ್ರ ಜೇನಿನ ಹಂಗಿಲ್ಲ.

ದಾಳಿಂಬೆಯ ಬೆಳೆಗಾರರು ಕೆಲಕಾಲ ನೀರನ್ನು ತಡೆದು, ಮತ್ತೆ ಹಾಯಿಸಿ, ಗಿಡವನ್ನು ತಮಗೆ ಬೇಕಾದಾಗ ಹೂಬಿಡಿಸುತ್ತಾರೆ. ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರಗಳೆಂಬುವು ಇವೇ. ಎಂದ ಮೇಲೆ ನೀರಿನ ಒಡೆತನವುಳ್ಳವನು ಹೂವಿನ ಕಾಲಕ್ಕೂ ಒಡೆಯನಾದನು. ಆದರೆ ಅದೇ ನೀರು ಕಬ್ಬನ್ನೂ ಹಬ್ಬಿಸಿತು. ಹೂಬಿಡುವ ಮೊದಲೇ ಕಟಾವಾಗುವ ಕಬ್ಬಿನ ವಿಸ್ತಾರವು ಜೇನಿಗೆ ಹಸುರಾದ ಮರುಭೂಮಿಯೇ ಸರಿ. ಮಾವು ಹೂಬಿಡುವ ಕಾಲವೇ ಕಬ್ಬು ನುರಿಸುವ ಕಾಲವೂ ಆಗಿರುವುದರಿಂದ ಹುಳಗಳು ಆಲೆಮನೆಯ ರಸಕ್ಕೆ ಮುಗಿಬಿದ್ದು ಅನೇಕವು ಅಲ್ಲಿಯೇ ಸಾಯುತ್ತವೆ. ರಸದಲ್ಲಿ ಸಕ್ಕರೆಯುಂಟು, ಪರಾಗವಿಲ್ಲ. ಪರಾಗವಿಲ್ಲದೆ ಮರಿಗಳು ಬೆಳೆಯಲಾರವು.

ಜೇನಿಗೆ ಬೇರೆ ವಿಪತ್ತುಗಳೂ ಬಂದಿವೆ. 1991-92ರ ಸುಮಾರಿಗೆ ಥಾಯ್ ಸಂಚಿರೋಗವೆಂಬ ವೈರಾಣು ರೋಗವು ಕರ್ನಾಟಕದ ತುಡುವೆ ಕುಟುಂಬಗಳನ್ನು ಅಪಾರ ಪ್ರಮಾಣದಲ್ಲಿ ನಾಶಗೊಳಿಸಿತು. ರೋಗವು ಮನುಷ್ಯನ ಕೈಮೀರಿದ್ದಿರಬಹುದು. ಆದರೆ ಹೂವಿನ ಮೇಲೆ ಹಾಡುಹಗಲು ಸಿಂಪಡಿಸುವ ವಿಷವು ಮನುಷ್ಯನ ಕೈಯದೇ. ಮಾವಿನ ಜಿಗಿಹುಳುವನ್ನು ಕೊಲ್ಲಹೋಗಿ ತನ್ನ ಫಲದ ದೂತನನ್ನೇ ಕೊಲ್ಲುವ ತೋಟಿಗನಿಗೆ ನಷ್ಟವು ಆ ದಿನ ಕಾಣದು, ಕೊಯ್ಲಿನ ದಿನ ಕಾಣುತ್ತದೆ.

ಪುಷ್ಪನಿಷ್ಠೆಯನ್ನು ಅರಿತವನಿಗೆ ಉಪಾಯವೂ ಅದರಲ್ಲಿಯೇ ದೊರೆಯುತ್ತದೆ. ಜೇನುಪೆಟ್ಟಿಗೆಗಳನ್ನು ಹೂವರಳುವ ಬಹು ಮೊದಲೇ ತಂದಿಟ್ಟರೆ ಹುಳಗಳು ಬೇರೆ ಹೂಗಳಿಗೆ ನಿಷ್ಠವಾಗಿಬಿಡುತ್ತವೆ. ನೂರಕ್ಕೆ ಐದು ಹತ್ತು ಹೂಗಳು ಅರಳಿದಾಗ ತಂದಿಡುವುದು ಯುಕ್ತ. ಹೂವು ತುಂಬಿದಾಗ ವಿಷವನ್ನು ವರ್ಜಿಸಬೇಕು. ಅನಿವಾರ್ಯವಾದರೆ ಹುಳಗಳು ಗೂಡು ಸೇರಿದ ಸಂಜೆಯ ಮೇಲೆ ಸಿಂಪಡಿಸಬೇಕು. ಬದುವಿನ ಮೇಲೆ ಬೇವು, ಹೊಂಗೆ, ನೇರಳೆಗಳನ್ನು ಉಳಿಸಿಕೊಂಡರೆ ತೋಟದ ಹೂವು ಮುಗಿದ ದಿನಗಳಲ್ಲಿಯೂ ಜೇನಿಗೆ ಉಪವಾಸವಿಲ್ಲ.

ಅರಭಾವಿಯಲ್ಲಿ ಕಿತ್ತೂರ ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವು ಇರುವುದು ಈ ಭಾಗದ ಭಾಗ್ಯ. ಇತಿಹಾಸದ ವಿದ್ಯಾರ್ಥಿಗಳೂ ತಮ್ಮೂರಿನ ಹಿರಿಯರನ್ನು ಕೇಳಿ, ಕಾಲುವೆ ಬರುವ ಮೊದಲು ಯಾವ ಮರಗಳು ಯಾವ ಮಾಸದಲ್ಲಿ ಹೂಬಿಡುತ್ತಿದ್ದವು, ಹೆಜ್ಜೇನು ಎಲ್ಲಿ ಕಟ್ಟುತ್ತಿತ್ತು ಎಂಬುದನ್ನು ಬರೆದಿಟ್ಟರೆ ಅದು ಎರಡೂ ಶಾಸ್ತ್ರಗಳಿಗೆ ಉಪಕಾರವಾದೀತು. ಕಲ್ಲಿನ ಶಾಸನವು ಕಾಯಬಲ್ಲದು. ಹಿರಿಯರ ನೆನಪು ಕಾಯಲಾರದು.