ಹದಿನಾರಕ್ಕೇ ಮನೆ ಬಿಡೋ ಹುಡುಗರು

ಐಸ್ ಹಾಕಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಗ್ಲೌಸ್ ಬಿಸಾಕಿ ಹೊಡೆದಾಡೋ ರೀಲ್ಸ್ ಅಷ್ಟೆ. ಆ ಆಟಗಾರರು ಎನ್‌ಎಚ್‌ಎಲ್‌ಗೆ ಎಲ್ಲಿಂದ ಬರ್ತಾರೆ ಅಂತ ನೋಡಿದರೆ ಬಹಳಷ್ಟು ಜನ ಕೆನಡಾದ ಜೂನಿಯರ್ ಲೀಗ್‌ಗಳಿಂದ ಬಂದವರು. ಅಲ್ಲಿ ಆಡೋರ ವಯಸ್ಸು 16ರಿಂದ 20. ಅಂದರೆ ಹೆಚ್ಚುಕಡಿಮೆ ನಮ್ಮದೇ ಬ್ಯಾಚು.

ಕೆನಡಿಯನ್ ಹಾಕಿ ಲೀಗ್, ಅಂದರೆ ಸಿಎಚ್‌ಎಲ್, ಹೆಸರಿಗೆ ಒಂದು; ಒಳಗೆ ಮೂರು ಪ್ರಾದೇಶಿಕ ಲೀಗ್‌ಗಳಿವೆ. ಪಶ್ಚಿಮಕ್ಕೆ ಡಬ್ಲ್ಯೂಎಚ್‌ಎಲ್, ಒಂಟಾರಿಯೊಗೆ ಒಎಚ್‌ಎಲ್, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ಕಡೆಗೆ ಕ್ಯೂಎಂಜೆಎಚ್‌ಎಲ್. ಗಡಿಯಾಚೆ ಅಮೆರಿಕದ ಕೆಲವು ಊರುಗಳ ತಂಡಗಳೂ ಇವೆ. ಮೂರೂ ಚಾಂಪಿಯನ್ ತಂಡಗಳು, ಜೊತೆಗೆ ಆತಿಥೇಯ ತಂಡ ಸೇರಿ ಮೆಮೋರಿಯಲ್ ಕಪ್ ಆಡ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಕೆನಡಾ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು.

ಹುಡುಗ ತಂಡ ಆರಿಸಿಕೊಳ್ಳೋ ಹಾಗಿಲ್ಲ. 15ರ ಹೊತ್ತಿಗೆ ಡ್ರಾಫ್ಟ್‌ನಲ್ಲಿ ತಂಡವೇ ಅವನನ್ನು ಆರಿಸುತ್ತೆ. ನಮ್ಮ ಸಿಇಟಿಯಲ್ಲಿ ಆಪ್ಷನ್ ಎಂಟ್ರಿ ಆದ್ರೂ ಇದೆ. ಇಲ್ಲಿ ಹೋಗಲ್ಲ ಅಂತ ಹಠ ಹಿಡಿಯಬಹುದು, ಅಷ್ಟೆ. ಊರು ಬಿಟ್ಟು ಬಂದವನು ಅಲ್ಲಿನ ಒಂದು ಕುಟುಂಬದ ಮನೆಯಲ್ಲಿ ಇರ್ತಾನೆ. ಅಂಥವರಿಗೆ ಬಿಲೆಟ್ ಫ್ಯಾಮಿಲಿ ಅಂತಾರೆ. ಶಾಲೆ, ಪ್ರಾಕ್ಟೀಸ್, ಮತ್ತೆ ಬಸ್ಸು. ಒಎಚ್‌ಎಲ್, ಡಬ್ಲ್ಯೂಎಚ್‌ಎಲ್‌ನಲ್ಲಿ ಪ್ಲೇಆಫ್ ಬಿಟ್ಟೇ 68 ಪಂದ್ಯ. ಚಳಿಗಾಲದ ಆ ಬಸ್ ಪ್ರಯಾಣ ಸಣ್ಣ ವಿಷಯ ಅಲ್ಲ. 1986ರ ಡಿಸೆಂಬರ್‌ನಲ್ಲಿ ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ ಅಪಘಾತದಲ್ಲಿ ನಾಲ್ವರು ಆಟಗಾರರು ಸತ್ತರು.

ಇಷ್ಟೆಲ್ಲಾ ಮಾಡೋ ಹುಡುಗನಿಗೆ ಸಿಗೋದು ಸಣ್ಣ ಭತ್ಯೆ, ಜೊತೆಗೆ ಆಡಿದ ಪ್ರತಿ ಸೀಸನ್‌ಗೆ ಒಂದು ವರ್ಷದ ಕಾಲೇಜು ಸ್ಕಾಲರ್‌ಶಿಪ್. ಅದಕ್ಕೂ ಷರತ್ತುಗಳಿವೆ. ಕನಿಷ್ಠ ವೇತನ ಕೊಡಿ ಅಂತ 2014ರಲ್ಲಿ ಲೀಗ್‌ಗಳ ಮೇಲೆ ಕೇಸು ಬಿತ್ತು. ಇವರು ನೌಕರರಲ್ಲ, ವಿದ್ಯಾರ್ಥಿ ಕ್ರೀಡಾಪಟುಗಳು ಅನ್ನೋದು ಲೀಗ್‌ಗಳ ವಾದ. ಒಂಟಾರಿಯೊ ಸೇರಿ ಹಲವು ಪ್ರಾಂತ್ಯಗಳು ಕಾನೂನನ್ನೇ ತಿದ್ದಿ ಜೂನಿಯರ್ ಆಟಗಾರರನ್ನು ಕನಿಷ್ಠ ವೇತನದಿಂದ ಹೊರಗಿಟ್ಟವು.

ನಮಗೆ ತಲೆ ಕೆಟ್ಟಿದ್ದು ಇಲ್ಲಿಂದ ಮುಂದಕ್ಕೆ. ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಇದೇ ಹುಡುಗರನ್ನು ವೃತ್ತಿಪರರು ಅಂತ ಲೆಕ್ಕ ಹಾಕ್ತಿತ್ತು. ಕಾರಣ ಆ ಭತ್ಯೆ, ಮತ್ತೆ ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದವರೂ ಅದೇ ತಂಡಗಳಲ್ಲಿ ಇರ್ತಾರೆ ಅನ್ನೋದು. ಸಿಎಚ್‌ಎಲ್‌ನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜು ತಂಡದ ಅರ್ಹತೆಗೆ ಕುತ್ತು. ಒಂದು ಕಡೆ ವಿದ್ಯಾರ್ಥಿ ಅಂತ ಸಂಬಳ ಇಲ್ಲ, ಇನ್ನೊಂದು ಕಡೆ ವೃತ್ತಿಪರ ಅಂತ ಕಾಲೇಜು ಇಲ್ಲ! ಹದಿನಾರರ ಹುಡುಗ ಎರಡರಲ್ಲಿ ಒಂದು ದಾರಿ ಹಿಡಿದು, ಇನ್ನೊಂದನ್ನು ಮರೀಬೇಕಿತ್ತು.

2024ರ ನವೆಂಬರ್‌ನಲ್ಲಿ ಎನ್‌ಸಿಎಎ ಈ ನಿಯಮ ಬದಲಿಸಿತು. 2025ರ ಆಗಸ್ಟ್ 1ರಿಂದ ಜಾರಿ. ಡಬ್ಲ್ಯೂಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ಟೈಗರ್ಸ್ ತಂಡದ ಗ್ಯಾವಿನ್ ಮೆಕೆನ್ನಾ, ಆಗ 17 ವರ್ಷ, ಸೀದಾ ಪೆನ್ ಸ್ಟೇಟ್‌ಗೆ ಹೋದ. ಅವನಂಥ ಸ್ಟಾರ್‌ಗೆ ಇದು ಒಳ್ಳೆಯದೇ. ಆದರೆ ಡಿವಿಷನ್ 1ರಲ್ಲಿ ಪುರುಷರ ಹಾಕಿ ತಂಡ ಇರೋ ಕಾಲೇಜುಗಳು ಅರವತ್ತು ಚಿಲ್ಲರೆ ಮಾತ್ರ. ಕಾಲೇಜು ದಾರಿ ಮುಚ್ಚಬಾರದು ಅಂತಲೇ ಸಿಎಚ್‌ಎಲ್ ಬಿಟ್ಟು ಸಣ್ಣ ಲೀಗ್‌ಗಳಲ್ಲಿ ಕಾಯ್ತಿದ್ದ ಹುಡುಗರು ಈಗ ಅದೇ ಸೀಟಿಗೆ ಮೆಕೆನ್ನಾನಂಥವರ ಜೊತೆ ಪೈಪೋಟಿ ಮಾಡಬೇಕು.