ಬೇಸ್ ಗಿಟಾರ್‌ಗೆ ಅಗ್ಗದ ವೈರ್‌ಲೆಸ್: ಏನು ನೋಡಿ ಕೊಳ್ಳಬೇಕು?

ಹಲಗೇರಿಯಲ್ಲಿ ರಸಮಂಜರಿ ಅಂದುಕೊಳ್ಳಿ. ಬೇಸ್ ಗಿಟಾರ್‌ಗೆ ವೈರ್‌ಲೆಸ್ ಬೇಕು, ಕೈಯಲ್ಲಿ ದುಡ್ಡು ಕಡಿಮೆ. ಯಾವುದು ಕೊಳ್ಳೋದು?

ಅಗ್ಗದ ಸೆಟ್ ಬೇಸಿನ ದಪ್ಪ ದನಿ ನುಂಗುತ್ತೆ ಅನ್ನೋದು ಹಲವರ ಅನುಮಾನ. ಲೆಕ್ಕ ಹಾಕಿ. ನಾಲ್ಕು ತಂತಿಯ ಬೇಸಿನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಜ್. ಸೆಟ್ 20 ಹರ್ಟ್ಜ್‌ವರೆಗೂ ಇಳಿದರೆ ಸಾಕು. ದನಿ ತಡವಾಗುತ್ತಲ್ಲ ಅಂತೀರಾ? ಆಗುತ್ತೆ. ಆದರೆ ಆ ತಡ 5 ಮಿಲಿಸೆಕೆಂಡ್ ಅಂದರೆ, ಆಂಪ್‌ನಿಂದ ಸುಮಾರು ಐದೂವರೆ ಅಡಿ ದೂರ ನಿಂತಾಗ ಆಗುವಷ್ಟೇ ತಡ.

ನಿಜವಾದ ತೊಂದರೆ ಬೇರೆ. ಬಹಳಷ್ಟು ಅಗ್ಗದ ಸೆಟ್‌ಗಳು 2.4 ಗಿಗಾಹರ್ಟ್ಜ್‌ನವು. ವೈಫೈ, ಬ್ಲೂಟೂತ್ ಓಡಾಡೋದೂ ಅಲ್ಲೇ. ಮೆಣಸಿನಕಾಯಿ ಸೀಜನ್ನಿನ ಬ್ಯಾಡಗಿ ರಸ್ತೆ ಇದ್ದಂಗೆ: ಗಾಡಿ ಎಷ್ಟೇ ಚಲೋ ಇದ್ದರೂ ಸಿಕ್ಕಿಬೀಳುತ್ತೆ. 5.8 ಗಿಗಾಹರ್ಟ್ಜ್‌ನಲ್ಲಿ ಸಾಮಾನ್ಯವಾಗಿ ಗದ್ದಲ ಕಡಿಮೆ. ಆದರೆ ಅದರ ಅಲೆಗೆ ಮೈ ಅಡ್ಡ ಬಂದರೂ ಕಷ್ಟ. ಅದಕ್ಕೇ ರಿಸೀವರ್ ಕಣ್ಣೆದುರಿಗೇ ಇರಲಿ.

ಹಂಗಾದರೆ ಕೇಬಲ್ಲೇ ಸಾಕಲ್ಲ? ನಿಂತಲ್ಲೇ ನುಡಿಸುವವರಿಗೆ ಖಂಡಿತ ಸಾಕು. ವೇದಿಕೆ ತುಂಬ ಓಡಾಡುವವರು 5.8 ನೋಡಿ. ನಿಮ್ಮ ಬೇಸನ್ನೇ ಅಂಗಡಿಗೆ ಒಯ್ಯಿರಿ, ಹಚ್ಚಿ ಕೇಳಿ. ಗುಂಯ್ ಅಂದರೆ ಬಿಟ್ಟುಬಿಡಿ. ಮತ್ತೆ, ಒಂದು ಕೇಬಲ್ ಯಾವಾಗಲೂ ಚೀಲದಲ್ಲಿರಲಿ.