ಒಂದು ಅಂಗುಲದ ಯೋಧ ಮತ್ತು ನಡುಗುವ ಕೈ

ಕಳೆದ ಬೇಸಿಗೆಯ ರಜೆಯಲ್ಲಿ ಬೆಂಗಳೂರಿನಿಂದ ಮುಟ್ಟಳ್ಳಿಗೆ ಬಂದ ಮೊಮ್ಮಗನು ನಮ್ಮ ಚಿಕಿತ್ಸಾಲಯದ ಮೇಜಿನ ಮೇಲೆ ಬೂದುಬಣ್ಣದ ಪ್ಲಾಸ್ಟಿಕ್ ಗೊಂಬೆಯೊಂದನ್ನು ತಂದಿಟ್ಟನು. ಎತ್ತರ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಗುರಾಣಿ, ಸೊಂಟಕ್ಕೆ ಸಾಸಿವೆ ಕಾಳಿನಷ್ಟು ದೊಡ್ಡ ಚೀಲ. "ಅಜ್ಜಾ, ಇದಕ್ಕೆ ನೀವೇ ಬಣ್ಣ ಹಚ್ಚಬೇಕು" ಎಂದನು. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತು, ನಾವೂ ಒಪ್ಪಿದೆವು. ಆ ಗೊಂಬೆಯು ನಾವು ಎರಡು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಹೊರಗೆಳೆಯಿತು. ಆರೋಗ್ಯ ವಿಭಾಗದಲ್ಲಿ ಗೊಂಬೆಯ ಮಾತೇಕೆ ಎಂದು ಸದ್ಭಕ್ತ ಓದುಗರು ಕೇಳುವುದಾದರೆ, ಅದಕ್ಕೆ ಇದೇ ಉತ್ತರ.

ಮೊದಲು ಆಟದ ವಿಷಯ. ಮೇಜಿನ ಮೇಲೆ ಗುಡ್ಡ, ಹಳ್ಳ, ಪಾಳುಗೋಡೆಗಳ ಮಾದರಿಗಳನ್ನಿಟ್ಟು, ಎರಡು ಪುಟ್ಟ ಸೇನೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು, ದಾಳವನ್ನು ಉರುಳಿಸಿ ಆಡುವ ಯುದ್ಧದಾಟವಿದು. ಪ್ರಷ್ಯಾ ದೇಶದ ರೈಸ್‌ವಿಟ್ಜ್ ಎಂಬ ಸೇನಾಧಿಕಾರಿಯು 1824ರಲ್ಲಿ ಇಂಥ ಆಟವೊಂದರ ನಿಯಮಗಳನ್ನು ಅಧಿಕಾರಿಗಳ ತರಬೇತಿಗಾಗಿ ಪ್ರಕಟಿಸಿದನು. ಆಂಗ್ಲ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಅದನ್ನು ಮನೆಯ ನೆಲದ ಮೇಲೆ ಆಡುವ ಬಗೆಯನ್ನು ತೋರಿಸಿದನು. ಇಂದಿನ ಹುಡುಗರ ಬಾಯಲ್ಲಿರುವ 'ವಾರ್‌ಹ್ಯಾಮರ್' 1983ರದು. ಚದುರಂಗದ ನಾಡಿನವರಾದ ನಮಗೆ ಇದು ತೀರ ಅಪರಿಚಿತವೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ಇಳಿಸಿ ನಡೆಸುವ ಲೆಕ್ಕಗಳಲ್ಲಿ ಮಗ್ನರಾಗುತ್ತಿದ್ದ ಅರಸರು. ಇಲ್ಲಿಯ ವಿಶೇಷವೆಂದರೆ, ಆಡುವವನು ತನ್ನ ಸೈನಿಕನಿಗೆ ಬಣ್ಣವನ್ನು ತಾನೇ ಹಚ್ಚಿಕೊಳ್ಳಬೇಕು.

ಗೊಂಬೆಗೆ ಬಣ್ಣ ಹಚ್ಚುವ ಕೈಗಳು ನಮ್ಮಲ್ಲಿ ಎಂದೂ ಕಡಿಮೆಯಿರಲಿಲ್ಲ. ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗೆ ಹುಣಸೆ ಬೀಜದ ಅಂಟಿನ ಲೇಪಗಳನ್ನು ಕೊಟ್ಟು, ಮೈ ನುಣುಪಾದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ನಮ್ಮ ಹೊನ್ನಾವರ, ಕುಮಟೆಗಳ ಕಡೆ ಗುಡಿಗಾರರ ಕುಶಲತೆ ಎಲ್ಲರಿಗೂ ತಿಳಿದದ್ದೇ. ಚೌತಿಯ ಮುನ್ನ ಗಣಪತಿ ಮಾಡುವ ಮನೆಗಳ ಜಗಲಿಯಲ್ಲಿ ಮೂರ್ತಿಗೆ ಕಣ್ಣು ಬರೆಯುವುದು ಕಡೆಯ ಕೆಲಸ. ಮೊಮ್ಮಗನ ಶಾಸ್ತ್ರವಾದರೋ ತಿರುಗುಮುರುಗು: ಕಣ್ಣನ್ನು ಮೊದಲೇ ಬರೆದುಬಿಡಬೇಕಂತೆ, ತಪ್ಪಿದರೆ ಸುತ್ತಲಿನ ಮೈಬಣ್ಣದಿಂದ ಮುಚ್ಚಬಹುದಂತೆ. ಒಂದು ಅಂಗುಲದ ಮೂರ್ತಿಯಲ್ಲಿ ಅದೇ ಸರಿಯೆಂದು ಈಗ ನಮಗೂ ಅನಿಸುತ್ತದೆ.

ಕ್ರಮ ಹೀಗಿದೆ. ಅಚ್ಚಿನ ಅಂಚು ಉಳಿದಿರುವಲ್ಲಿ ಸಣ್ಣ ಚಾಕುವಿನಿಂದ ಹೆರೆದು, ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅನಂತರ ಬಣ್ಣ ಹಿಡಿಯಲು ಪ್ರೈಮರಿನ ತೆಳುವಾದ ಲೇಪ. ಡಬ್ಬಿಯಿಂದ ಸಿಂಪಡಿಸುವ ಪ್ರೈಮರು ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಪುಡಿಪುಡಿಯಾಗಿ ಕೂರುತ್ತದೆ. ಕುಂಚದಿಂದ ಹಚ್ಚುವುದೇ ವಾಸಿ. ಆಮೇಲೆ ಅಕ್ರಿಲಿಕ್ ಬಣ್ಣ, ನೀರು ಬೆರೆಸಿದ ಹಾಲಿನಷ್ಟು ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಎರಡು ಲೇಪ. ಹೊಸಬರು ಮಾಡುವ ಮೊದಲ ತಪ್ಪು ಬಣ್ಣವನ್ನು ಗಟ್ಟಿಯಾಗಿ ಹಚ್ಚುವುದು. ಮುಖದ ಗೆರೆಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಎರಡನೆಯದು, ಸಣ್ಣ ಗೊಂಬೆಗೆ ಅತಿ ಸಣ್ಣ ಕುಂಚವೇ ಬೇಕೆಂದು ತಿಳಿಯುವುದು. ಅದರ ತುದಿಯ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿರುವ 1ನೇ ನಂಬರಿನ ಕುಂಚ ಸಾಕು. ಕೊನೆಗೆ ನೀರಾದ ಕಂದು ಬಣ್ಣವನ್ನು ಹರಿಯಬಿಟ್ಟರೆ ಅದು ತಾನಾಗಿಯೇ ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ನಮಗೆ ಅತ್ಯಂತ ಹಿತವೆನಿಸಿದ್ದು ಈ ಹಂತವೇ.

ಇನ್ನು ನಮ್ಮ ವೃತ್ತಿಗೆ ಸೇರಿದ ಮಾತು. ಮೊಮ್ಮಗನು ಕುಂಚದ ತುದಿಯನ್ನು ಚೂಪು ಮಾಡಲು ಅದನ್ನು ತುಟಿಗಳ ನಡುವೆ ಎಳೆದನು. ನಾವು ಕೂಡಲೇ ತಡೆದೆವು. 1917ರಿಂದ ಮುಂದೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ ಕತ್ತಲೆಯಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಂ ಬಣ್ಣದಿಂದ ಅಂಕಿ ಬರೆಯುತ್ತಿದ್ದ ಯುವತಿಯರಿಗೆ, ಕುಂಚವನ್ನು ಹೀಗೆಯೇ ತುಟಿಯಿಂದ ಚೂಪು ಮಾಡಲು ಹೇಳಿಕೊಡಲಾಗಿತ್ತು. ಹಲ್ಲುಗಳು ಉದುರಿ, ದವಡೆಯ ಎಲುಬು ಕೊಳೆತು ಹಲವರು ತೀರಿಕೊಂಡರು. ಐವರು ಹೂಡಿದ ದಾವೆಯು 1928ರಲ್ಲಿ ಪರಿಹಾರದೊಂದಿಗೆ ಮುಗಿಯಿತು. ಇಂದಿನ ಅಕ್ರಿಲಿಕ್ ಬಣ್ಣದಲ್ಲಿ ರೇಡಿಯಂ ಇಲ್ಲವೆಂಬುದು ನಿಜ. ಆದರೆ ಎಲ್ಲ ಬಣ್ಣದ ಪುಡಿಗಳೂ ಹೊಟ್ಟೆಗೆ ಹೋಗತಕ್ಕವಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಟ್ಟದ ಮೇಲಿನ ಹಳೆಯ ಡಬ್ಬಿಗೆ ಆ ನಿಯಮ ಗೊತ್ತಿಲ್ಲ. ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಹಳೆಯ ಲೋಹದ ಸೈನಿಕರಲ್ಲಿಯೂ ಸೀಸವಿರಬಹುದು. ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿ ತಿನ್ನಬಾರದು. ಕುಂಚ ಅದ್ದುವ ನೀರಿನ ಲೋಟವನ್ನೂ ಚಹಾದ ಲೋಟವನ್ನೂ ಅಕ್ಕಪಕ್ಕ ಇಡಬಾರದೆಂದು ಬರೆಯಲು ನಮಗೆ ಸಂಕೋಚ. ಏಕೆಂದರೆ ಆ ತಪ್ಪನ್ನು ಮೊದಲ ದಿನವೇ ಮಾಡಿದವರು ನಾವು.

ಗೊಂಬೆಯನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ನೀರಿನಲ್ಲಿ ಅದ್ದಿಕೊಂಡು ಉಜ್ಜಿರಿ. ಚಾಕುವಿನ ಅಲಗು ಹೆಬ್ಬೆರಳಿನಿಂದ ದೂರಕ್ಕೆ ಸಾಗುತ್ತಿರಲಿ. ಕ್ಷಣದಲ್ಲಿ ಹಿಡಿಯುವ ಅಂಟು ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಲವಂತವಾಗಿ ಬಿಡಿಸದೆ, ನೀರಿನಿಂದ ತೊಳೆದು ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಕಣ್ಣಿನ ವಿಷಯದಲ್ಲಿ ಸುಶ್ರುತಾಚಾರ್ಯರು ಉತ್ತರತಂತ್ರದ ಆರಂಭದಲ್ಲಿಯೇ ನೇತ್ರರೋಗದ ಕಾರಣಗಳನ್ನು ಪಟ್ಟಿ ಮಾಡಿದ್ದಾರೆ. ಸೂಕ್ಷ್ಮ ವಸ್ತುಗಳನ್ನು ದಿಟ್ಟಿಸುವುದು, ನಿದ್ರೆಯ ವ್ಯತ್ಯಾಸ, ಮಲಮೂತ್ರಾದಿ ವೇಗಗಳನ್ನು ತಡೆಯುವುದು ಇವೆಲ್ಲ ಅದರಲ್ಲಿವೆ. ಬಣ್ಣ ಹಚ್ಚಲು ಕುಳಿತ ಹುಡುಗನನ್ನು ರಾತ್ರಿ ಹನ್ನೊಂದಕ್ಕೆ ನೋಡಿದಾಗ ಈ ಮೂರೂ ಒಟ್ಟಿಗೆ ಕಂಡವು! ಇಪ್ಪತ್ತು ನಿಮಿಷಕ್ಕೊಮ್ಮೆ ಕುಂಚ ಕೆಳಗಿಟ್ಟು ಅಂಗಳದಾಚೆಯ ತೆಂಗಿನ ಗರಿಯನ್ನು ಅರೆನಿಮಿಷ ನೋಡುವುದು, ರೆಪ್ಪೆ ಮಿಟುಕಿಸುವುದು, ಎದ್ದು ನಾಲ್ಕು ಹೆಜ್ಜೆ ಹಾಕುವುದು: ಇಷ್ಟು ಸಾಕು. ಬೆಳಕು ಹಗಲಿನದಾಗಿರಲಿ, ಎಡಭುಜದ ಕಡೆಯಿಂದ ಬರಲಿ. ನಲವತ್ತು ದಾಟಿದವರು ಚಾಳೀಸಿಲ್ಲದೆ ಈ ಕೆಲಸಕ್ಕೆ ಕೂಡಬಾರದು. ಕತ್ತನ್ನು ಗೊಂಬೆಯತ್ತ ಬಗ್ಗಿಸುವ ಬದಲು ಗೊಂಬೆಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳಬೇಕು.

ಇನ್ನು ಮೊದಲೇ ಹೇಳಿದ ಆ ಸಂಗತಿಗೆ ಬರೋಣ. ಗುರಾಣಿಯ ಅಂಚಿಗೆ ಹಳದಿ ಗೆರೆ ಎಳೆಯಲು ಹೋದಾಗ ನಮ್ಮ ಕುಂಚವು ಗುರಾಣಿಯನ್ನು ಬಿಟ್ಟು ಯೋಧನ ಗದ್ದಕ್ಕೆ ತಾಗಿತು. ಎರಡನೆಯ ಸಲ ಮೊಣಕೈಗೆ. "ಅಜ್ಜಾ, ನಿಮ್ಮ ಕೈ ನಡುಗ್ತಿದೆ" ಎಂದನು ಹುಡುಗ. ಚಾಳೀಸಿನ ನಂಬರು ಬದಲಾಗಿದೆ ಎಂದು ನಾವು ಹೇಳಿದೆವು. ಅದು ಸುಳ್ಳು. ಬೆಳಗಿನ ವಿಭೂತಿ ಧಾರಣೆಯಲ್ಲಿ ಮೂರು ರೇಖೆಗಳು ಅಲೆಅಲೆಯಾಗಿ ಬರುತ್ತಿವೆಯೆಂದು ನಮ್ಮ ಮನೆಯವರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಅಂದಿನಿಂದ ಅಗ್ನಿಕರ್ಮದಂಥ ಸೂಕ್ಷ್ಮ ಚಿಕಿತ್ಸೆಗಳನ್ನು, ಕಣ್ಣಿನ ನೆಪ ಹೇಳಿ, ಕಿರಿಯ ವೈದ್ಯರಿಗೆ ಒಪ್ಪಿಸಿದ್ದೆವು. ಅಶ್ವಗಂಧವನ್ನು ನಮಗೆ ನಾವೇ ಕೊಟ್ಟುಕೊಂಡು ಮೂರು ತಿಂಗಳು ಸೇವಿಸಿದೆವು. ಯಾರ ಬಳಿಯೂ ತೋರಿಸಿಕೊಳ್ಳಲಿಲ್ಲ. ನಡುಗುವ ಕೈಯ ರೋಗಿಯೊಬ್ಬರು ಎದುರಿಗೆ ಕುಳಿತಾಗ, ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ ಎಂದು ಬರೆದುಕೊಡುತ್ತಿದ್ದವರು ನಾವೇ. ನಮಗಿದ್ದ ಭಯ ಪಾರ್ಕಿನ್‌ಸನ್ ಕಾಯಿಲೆಯದು.

ಮರುವಾರ ಮಂಗಳೂರಿಗೆ ಹೋಗಿ ತಜ್ಞರನ್ನು ಕಂಡೆವು. ಅವರು ಮೊದಲು ಮಾಡಿದ್ದು ಬಹಳ ಸರಳ ಪರೀಕ್ಷೆ: ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಡಿರಿ ಎಂದರು. ಕೈ ನಿಶ್ಚಲವಾಗಿತ್ತು. ಮುಂದಕ್ಕೆ ಚಾಚಿದಾಗ, ನೀರಿನ ಲೋಟ ಎತ್ತಿದಾಗ ನಡುಗಿತು. ಇದು ಓದುಗರು ಅರಿತಿರಬೇಕಾದ ವ್ಯತ್ಯಾಸ. ಕೆಲಸ ಮಾಡುವಾಗ ಕಾಣಿಸುವ, ಸಾಮಾನ್ಯವಾಗಿ ಎರಡೂ ಕೈಗಳಲ್ಲಿರುವ, ಅನೇಕ ವೇಳೆ ವಂಶದಲ್ಲಿ ಬರುವ ಕಂಪನ ಒಂದು ಬಗೆ. ನಮ್ಮ ತೀರ್ಥರೂಪರ ಕೈಯಲ್ಲಿ ಚಹಾದ ಕಪ್ಪು ಬಸಿಗೆ ತಗುಲಿ ಸದ್ದು ಮಾಡುತ್ತಿದ್ದುದು ಅಲ್ಲಿ ಕುಳಿತಾಗ ನೆನಪಾಯಿತು. ವಿಶ್ರಾಂತಿಯಲ್ಲಿರುವಾಗಲೇ ನಡುಗುವುದು, ಒಂದೇ ಪಕ್ಕದಿಂದ ಆರಂಭವಾಗುವುದು, ಅಕ್ಷರಗಳು ಬರಬರುತ್ತ ಚಿಕ್ಕದಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ಚಲನೆ ನಿಧಾನವಾಗುವುದು: ಇವು ಪಾರ್ಕಿನ್‌ಸನ್ ಕಡೆಗೆ ಬೆರಳು ತೋರಿಸುವ ಲಕ್ಷಣಗಳು. ಮಾಧವ ನಿದಾನದಲ್ಲಿ ಕಂಪನವನ್ನು ವೇಪಥು ಎಂದು ಕರೆದಿದ್ದಾರೆ. ಇಂದು ನಾವು ಕಂಪವಾತವೆನ್ನುತ್ತೇವೆ. ಹೆಸರು ಒಂದೇ ಆದರೂ ಒಳಗಿನ ರೋಗ ಒಂದೇ ಅಲ್ಲ. ನಸುಗುನ್ನಿ ಬೀಜದಲ್ಲಿ ಪಾರ್ಕಿನ್‌ಸನ್ ರೋಗಕ್ಕೆ ಕೊಡುವ ಲೀವೋಡೋಪಾ ಎಂಬ ಅಂಶವೇ ಸಹಜವಾಗಿದೆ. ಆದ್ದರಿಂದಲೇ ಆ ಮಾತ್ರೆ ಸೇವಿಸುತ್ತಿರುವವರು ಅಂಗಡಿಯ ಪುಡಿಯನ್ನು ತಂದು ಮೇಲಿಂದ ಸೇರಿಸಿಕೊಳ್ಳುವುದು ಅಪಾಯ. ಥೈರಾಯ್ಡ್ ಹೆಚ್ಚಳ, ಉಬ್ಬಸಕ್ಕೆ ಕೊಡುವ ಕೆಲವು ಔಷಧಗಳು, ಅತಿಯಾದ ಚಹಾ, ಕಾಫಿ ಕೂಡ ಕೈ ನಡುಗಿಸುತ್ತವೆ. ರಕ್ತಪರೀಕ್ಷೆ ಮಾಡಿಸದೆ ಮುಪ್ಪಿನ ಮೇಲೆ ಹೊರೆ ಹೊರಿಸಬಾರದು.

ನಮ್ಮದು ಮೊದಲ ಬಗೆಯೆಂದು ತೀರ್ಮಾನವಾಯಿತು. ಥೈರಾಯ್ಡ್ ಸರಿಯಿತ್ತು. ತಗ್ಗಿಸುವ ಮಾತ್ರೆಗಳುಂಟು, ಅವುಗಳಲ್ಲಿ ಒಂದು ಆಸ್ತಮಾ ಇರುವವರಿಗೆ ಸಲ್ಲದು. ಸದ್ಯಕ್ಕೆ ಬೇಡವೆಂದು ನಿರ್ಧರಿಸಿ, ದಿನಕ್ಕೆ ಆರು ಇದ್ದ ಚಹಾವನ್ನು ಎರಡಕ್ಕೆ ಇಳಿಸಿದೆವು. ಅಗ್ನಿಕರ್ಮವನ್ನು ಕಿರಿಯ ವೈದ್ಯರೇ ಮಾಡುತ್ತಿದ್ದಾರೆ, ಈಗ ನಿಜವಾದ ಕಾರಣ ತಿಳಿದು.

ಹಿಂತಿರುಗಿದ ಮೇಲೆ ಮೊಮ್ಮಗನು ನಮಗಾಗಿ ಒಂದು ಉಪಾಯ ಮಾಡಿಟ್ಟಿದ್ದನು. ಗೊಂಬೆಯನ್ನು ಹಳೆಯ ಅರಿಷ್ಟದ ಸೀಸೆಯ ಮುಚ್ಚಳಕ್ಕೆ ಅಂಟಿಸಿದ್ದನು. ಎರಡೂ ಮೊಣಕೈಗಳನ್ನು ಮೇಜಿಗೆ ಊರಬೇಕು. ಎರಡೂ ಅಂಗೈಗಳ ಬುಡವನ್ನು ಒಂದಕ್ಕೊಂದು ತಾಗಿಸಬೇಕು. ಆಗ ಕೈಗಳೆರಡೂ ಒಂದಾಗಿ ನಡುಗುವುದರಿಂದ ಕುಂಚಕ್ಕೂ ಗೊಂಬೆಗೂ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಕುಂಚವನ್ನು ನಿಲ್ಲಿಸಿ ಮುಚ್ಚಳವನ್ನು ಮೆಲ್ಲನೆ ತಿರುಗಿಸಬೇಕು. ಗೆರೆಯನ್ನು ಉಸಿರು ಬಿಡುತ್ತ ಎಳೆಯಬೇಕು. ಬಿಗಿಹಿಡಿದರೆ ನಡುಕ ಹೆಚ್ಚುತ್ತದೆ. ಹದಿನಾಲ್ಕು ವರ್ಷದ ಹುಡುಗ ಇದನ್ನು ವಿವರಿಸುತ್ತಿದ್ದಾಗ ನಾವು ಶಿಷ್ಯರಂತೆ ಕೇಳಿದೆವು.

ಗುರಾಣಿಯ ಅಂಚು ಮೂರು ದಿನ ಹಿಡಿಯಿತು. ಗದ್ದದ ಹಳದಿ ಚುಕ್ಕೆಯನ್ನು ಅಳಿಸಲು ಹುಡುಗ ಬಿಡಲಿಲ್ಲ. ಯೋಧನು ಈಗ ಚಿಕಿತ್ಸಾಲಯದ ಮೇಜಿನ ಮೇಲೆ, ನಾಡಿ ನೋಡುವ ದಿಂಬಿನ ಪಕ್ಕದಲ್ಲಿದ್ದಾನೆ. ಕಳೆದ ತಿಂಗಳು ಅವನನ್ನು ಕೈಗೆತ್ತಿಕೊಂಡು ನೋಡಿದ ಹಿರಿಯರೊಬ್ಬರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, "ಡಾಕ್ಟರೇ, ಇದನ್ನು ಹೇಳಬೇಕೋ ಬೇಡವೋ ಎಂದಿದ್ದೆ" ಎಂದರು. ಕೈ ವಿಶ್ರಾಂತಿಯಲ್ಲಿಯೇ ನಡುಗುತ್ತಿತ್ತು. ಅವರಿಗೆ ಅಂದೇ ಮಂಗಳೂರಿಗೆ ಚೀಟಿ ಬರೆದುಕೊಟ್ಟೆವು.